ಕಂದನ ಮೊದಲ ಲೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗುವಿಗೆ ಲೋಟದಲ್ಲಿ ಕುಡಿಯಲು ಕಲಿಸುವ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಬೇಡ, ಊರಿನ ಹೆಸರಷ್ಟೇ ಸಾಕು.

ಪ್ರಶ್ನೆ: ಮಗಳಿಗೆ ಆರೂವರೆ ತಿಂಗಳು. ಊಟ ಶುರುಮಾಡಿ ಎರಡು ವಾರವಾಯಿತು. ಸ್ಟೀಲ್ ಲೋಟದಲ್ಲಿ ಎರಡೇ ಚಮಚ ನೀರು ಹಾಕಿ ಕುಡಿಸಿದರೂ ಕೆಮ್ಮುತ್ತಾಳೆ. ಲೋಟದ ಅಂಚನ್ನು ಕಚ್ಚಿ ಹಿಡಿಯುತ್ತಾಳೆ, ಅರ್ಧ ನೀರು ಎದೆಯ ಮೇಲೆ. ಎಲ್ಲಿ ತಪ್ಪುತ್ತಿದ್ದೇನೆ? (ಪೊನ್ನಂಪೇಟೆ)

ಉತ್ತರ: ಮೊದಲು ಲೋಟವನ್ನೇ ನೋಡಿ. ದೊಡ್ಡವರು ಕಾಫಿ ಕುಡಿಯುವ ಲೋಟದ ತಳದಲ್ಲಿ ಎರಡು ಚಮಚ ನೀರಿದ್ದರೆ, ಅದು ತುಟಿಗೆ ಬರಲು ಲೋಟ ಪೂರ್ತಿ ಮೇಲೇಳಬೇಕು. ಲೋಟ ಮೇಲೆದ್ದಂತೆ ಅದರ ಆಚೆಬದಿಯ ಅಂಚು ಮೂಗಿಗೆ ತಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮಗು ತಲೆಯನ್ನು ಹಿಂದಕ್ಕೆ ಬಾಗಿಸುತ್ತದೆ. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ದಾರಿ ತೆರೆದಂತಾಗುತ್ತದೆ, ಅದೇ ಹೊತ್ತಿಗೆ ತಳದ ನೀರೆಲ್ಲ ಒಮ್ಮೆಲೇ ಜಾರಿ ಗಂಟಲಿಗೆ ಬೀಳುತ್ತದೆ. ನೆತ್ತಿಗೆ ಹತ್ತುವುದು ಅಲ್ಲಿಯೇ. ಚೆಲ್ಲೀತೆಂಬ ಭಯಕ್ಕೆ ನೀವು ಕಡಿಮೆ ಹಾಕುತ್ತಿದ್ದೀರಿ, ಆ ಕಡಿಮೆಯೇ ಕೆಮ್ಮಿಗೆ ಕಾರಣವಾಗುತ್ತಿದೆ.

ಹಾಗಾಗಿ ಲೋಟ ಚಿಕ್ಕದಿರಲಿ, ಅದರಲ್ಲಿ ನೀರು ಮೇಲಿನವರೆಗೆ ಇರಲಿ. 30ರಿಂದ 60 ಮಿ.ಲೀ. ಹಿಡಿಯುವ ಪುಟ್ಟ ಸ್ಟೀಲ್ ಲೋಟ ಸಾಕು, ಅದಕ್ಕೆ ಮುಕ್ಕಾಲು ಭಾಗ ತುಂಬಿ. ಮೊದಲ ವಾರಕ್ಕೆ ಕೆಮ್ಮಿನ ಔಷಧಿಯ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವೂ ಚೆನ್ನಾಗಿ ನಡೆಯುತ್ತದೆ. ಅದು 10–15 ಮಿ.ಲೀ. ಹಿಡಿಯುತ್ತದೆ, ಗೆರೆಗಳಿರುವುದರಿಂದ ಎಷ್ಟು ಕುಡಿಯಿತು ಎಂದೂ ಗೊತ್ತಾಗುತ್ತದೆ. ಬಳಸಿದ ಮುಚ್ಚಳವಾದರೆ ಔಷಧಿಯ ಅಂಟು ಉಳಿಯದಂತೆ ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಲೋಟದ ಅಂಚನ್ನು ನಿಮ್ಮ ಬೆರಳಿನಿಂದ ಒಂದು ಸುತ್ತು ಸವರಿ ನೋಡಿ. ಅಂಚು ಹೊರಕ್ಕೆ ಮಡಚಿ ನುಣುಪಾಗಿರಬೇಕು, ಎಲ್ಲೂ ತರಚಬಾರದು. ಗಾಜಿನದು ಬೇಡ, ಮಗು ಕಚ್ಚುತ್ತದೆ.

ಇನ್ನು ಕೂರಿಸುವುದು. ನಿಮ್ಮ ಎಡ ತೊಡೆಯ ಮೇಲೆ ಮಗುವನ್ನು ನೇರವಾಗಿ ಕೂರಿಸಿ, ಬೆನ್ನು ನಿಮ್ಮ ಹೊಟ್ಟೆಗೆ ಒರಗಲಿ. ಕಿವಿ ಭುಜದ ನೇರಕ್ಕೆ ಬರಬೇಕು, ಗದ್ದ ಎದೆಯ ಕಡೆಗೆ ಒಂಚೂರು ಬಾಗಿರಬೇಕು. ಎಡಗೈಯಿಂದ ಮಗುವಿನ ಎರಡೂ ಕೈಗಳನ್ನು ಸಡಿಲವಾಗಿ ಹಿಡಿದುಕೊಳ್ಳಿ. ಇನ್ನೊಬ್ಬರು ಎದುರಿಗೆ ಕೂತು ಕುಡಿಸಿದರೆ ಇನ್ನೂ ಸುಲಭ, ಬಾಯಿ ಕಾಣುತ್ತದೆ. ಗದ್ದದ ಕೆಳಗೆ ಮಡಚಿದ ಟವೆಲ್ ಇರಲಿ.

ಈಗ ಲೋಟದ ಅಂಚನ್ನು ಕೆಳತುಟಿಯ ಮೇಲೆ ಹಗುರಾಗಿ ಇಡಿ. ಒತ್ತಬೇಡಿ, ಒತ್ತಿದರೆ ತುಟಿ ಒಳಗೆ ಮಡಚಿಕೊಂಡು ನೀರು ಎರಡೂ ಬಾಯಿಕೊನೆಗಳಿಂದ ಹೊರಗೆ ಹರಿಯುತ್ತದೆ. ನೀರಿನ ಮಟ್ಟ ಮೇಲ್ತುಟಿಗೆ ಮುಟ್ಟುವಷ್ಟು ಮಾತ್ರ ಲೋಟವನ್ನು ಓರೆ ಮಾಡಿ, ಅಲ್ಲೇ ನಿಲ್ಲಿಸಿ. ಇದೊಂದು ಕ್ಷಣ ಎಲ್ಲಕ್ಕಿಂತ ಮುಖ್ಯ. ನೀರು ತುಟಿಯವರೆಗೆ ಹೋಗುವುದು ನಿಮ್ಮ ಕೆಲಸ, ಅಲ್ಲಿಂದ ಒಳಗೆ ಎಳೆದುಕೊಳ್ಳುವುದು ಮಗುವಿನ ಕೆಲಸ. ಐದಾರು ಸೆಕೆಂಡ್ ಏನೂ ಆಗದೆ ಇರಬಹುದು. ಆಮೇಲೆ ನಾಲಿಗೆ ಹೊರಗೆ ಬಂದು ನೀರನ್ನು ನೆಕ್ಕುತ್ತದೆ, ಅಥವಾ ಮೇಲ್ತುಟಿ ಕೆಳಗಿಳಿದು ಸಣ್ಣದಾಗಿ ಹೀರುತ್ತದೆ. ಒಂದು ಗುಟುಕಾದ ಕೂಡಲೇ ಲೋಟವನ್ನು ತುಟಿಯಿಂದ ತೆಗೆಯದೆ ನೇರ ಮಾಡಿ, ನುಂಗಲು ಬಿಡಿ, ಉಸಿರು ತೆಗೆದುಕೊಳ್ಳಲಿ, ಮತ್ತೆ ಓರೆ ಮಾಡಿ. ನೀವು ಸುರಿದರೆ ಮಗುವಿಗೆ ನುಂಗುವುದನ್ನೂ ಉಸಿರಾಡುವುದನ್ನೂ ಹೊಂದಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಅಂಚು ಕಚ್ಚುವುದು ಹಟವಲ್ಲ. ಈ ವಯಸ್ಸಿನಲ್ಲಿ ದವಡೆಗೆ ಒಂದೇ ಕಡೆ ನಿಲ್ಲುವ ಬಲ ಬಂದಿರುವುದಿಲ್ಲ, ಮಗು ಲೋಟವನ್ನು ಕಚ್ಚಿ ದವಡೆಯನ್ನು ನಿಲ್ಲಿಸಿಕೊಳ್ಳುತ್ತದೆ. ದವಡೆ ಗಟ್ಟಿಯಾದಂತೆ ಕಚ್ಚುವುದು ತಾನಾಗಿ ಬಿಟ್ಟುಹೋಗುತ್ತದೆ. ಕಚ್ಚಿದಾಗ ಲೋಟವನ್ನು ಎಳೆಯಬೇಡಿ, ಬಾಯಿ ಸಡಿಲವಾಗುವವರೆಗೆ ಕಾಯಿರಿ.

ತೆಳು ನೀರು ಬೇಗ ಹರಿಯುತ್ತದೆ, ಅದಕ್ಕೇ ಅದು ಕಷ್ಟ. ಮಜ್ಜಿಗೆಯಷ್ಟು ಗಟ್ಟಿಯಿರುವ ರಾಗಿ ಮಣ್ಣಿಯನ್ನೋ ಚೆನ್ನಾಗಿ ಅರೆದು ಸೋಸಿದ ಅಕ್ಕಿ ಗಂಜಿಯನ್ನೋ ನಾಲ್ಕೈದು ದಿನ ಇದೇ ಲೋಟದಲ್ಲಿ ಕೊಟ್ಟು ನೋಡಿ. ಅದು ನಿಧಾನವಾಗಿ ಬರುವುದರಿಂದ ತುಟಿ ಮುಚ್ಚುವುದನ್ನು ಮಗು ಬೇಗ ಕಲಿಯುತ್ತದೆ. ನಂತರ ನೀರು. ದಿನಕ್ಕೆ ಎರಡು ಸಲ, ಊಟ ಮಾಡಿಸುವಾಗಲೇ, ಒಮ್ಮೆಗೆ 5–10 ಮಿ.ಲೀ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಹಸಿವು ಜೋರಾಗಿದ್ದಾಗ, ನಿದ್ದೆ ತೂಗುವಾಗ ಕಲಿಸಲು ಹೋಗಬೇಡಿ. ಅಳುವ ಬಾಯಿಗೆ ಲೋಟ ಹಿಡಿದರೆ ಅಳುವಿನ ಉಸಿರಿನ ಜೊತೆ ನೀರೂ ಒಳಗೆ ಹೋಗುತ್ತದೆ.

ಕೆಮ್ಮು ಬಂದರೆ ಲೋಟ ತೆಗೆದು ಮಗುವನ್ನು ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ. ಬಾಯಿಗೆ ಬೆರಳು ಹಾಕುವುದು, ನೆತ್ತಿ ತಟ್ಟುವುದು, ಮುಖಕ್ಕೆ ಊದುವುದು ಯಾವುದೂ ಬೇಡ. ಒಂದೆರಡು ಕೆಮ್ಮಿನಲ್ಲಿ ಸರಿಹೋಗುವುದು ಕಲಿಕೆಯ ಭಾಗ. ಆದರೆ ಪ್ರತಿ ಸಲವೂ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ಗೊರಗೊರ ಶಬ್ದ, ಆಗಾಗ ಮೂಗಿನಿಂದ ಹಾಲು ಬರುವುದು, ಪದೇಪದೇ ಕಫ ಜ್ವರ ಇದ್ದರೆ ಮನೆಯಲ್ಲಿ ಪ್ರಯತ್ನ ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ, ಉಸಿರಿಗೆ ಕಷ್ಟವಾದರೆ ಒಂದು ನಿಮಿಷವೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಅತ್ತೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ (ಹಾಲುಣಿಸುವ ಮೂತಿಯಿರುವ ಪುಟ್ಟ ಬಟ್ಟಲು) ಹಾಲು ಹಾಕುತ್ತಾರೆ. ಬಾಯಿ ತೆರೆಯದಿದ್ದರೆ ಮೂಗು ಹಿಡಿಯುತ್ತಾರೆ. ತಮ್ಮ ಮಕ್ಕಳನ್ನೆಲ್ಲ ಹೀಗೇ ಸಾಕಿದ್ದು ಅನ್ನುತ್ತಾರೆ. ಅವರ ಮನಸ್ಸು ನೋಯಿಸದೆ ಏನು ಹೇಳಲಿ? (ವಿರಾಜಪೇಟೆ)

ಉತ್ತರ: ಒಳಲೆ ಒಳ್ಳೆಯದು ಎಂದೇ ಶುರುಮಾಡಿ, ಅದು ನಿಜ ಕೂಡ. ಎದೆ ಚೀಪಲು ಶಕ್ತಿಯಿಲ್ಲದ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ತಾಯಿಯ ಹಾಲು ಹಿಂಡಿ ಕೊಡಲು ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವುದು ಇದನ್ನೇ. ತಮಿಳಿನ ಪಾಲಾಡೈ ಎಂಬ ಹೆಸರಲ್ಲಿ ವೈದ್ಯರ ಪಠ್ಯಗಳಲ್ಲೂ ಇದೆ. ಸಮಸ್ಯೆ ಒಳಲೆಯದಲ್ಲ, ಮಲಗಿಸುವುದರದು ಮತ್ತು ಮೂಗು ಹಿಡಿಯುವುದರದು.

ಮೂಗು ಮುಚ್ಚಿದ ಮಗು ಉಸಿರಿಗಾಗಿ ಬಾಯಿ ತೆರೆಯುತ್ತದೆ, ಹಾಲಿಗಾಗಿ ಅಲ್ಲ. ಆ ಉಸಿರು ಒಳಗೆ ಹೋಗುವ ಹೊತ್ತಿಗೇ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುವ ಸಂಭವ ಹೆಚ್ಚು. ಅಲ್ಲಿ ಇಳಿದ ಹಾಲಿನಿಂದ ನ್ಯುಮೋನಿಯಾ ಆಗಬಹುದು, ಉಸಿರುಗಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಈ ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಲೇಬೇಕು.

ಅತ್ತೆಯವರ ಕೈಯಿಂದ ಒಳಲೆ ಕಿತ್ತುಕೊಳ್ಳಬೇಡಿ. ಅವರನ್ನೇ ಗೋಡೆಗೆ ಒರಗಿ ಕೂರಿಸಿ, ಮಗುವನ್ನು ಅವರ ಮಡಿಲಲ್ಲಿ ತಲೆ ಎತ್ತರಕ್ಕೆ ಬರುವಂತೆ ಕೂರಿಸಿಕೊಡಿ. ಒಳಲೆಯ ಮೂತಿಯನ್ನು ಬಾಯಿಯ ಒಂದು ಕೊನೆಯಲ್ಲಿ ಕೆಳತುಟಿಯ ಮೇಲೆ ಇಟ್ಟು, ತೊಟ್ಟು ತೊಟ್ಟಾಗಿ ಹಾಲು ಬಿಡುತ್ತ, ನುಂಗಿದ್ದನ್ನು ನೋಡಿ ಮುಂದಿನದನ್ನು ಬಿಡಲಿ. ಒಳಲೆ ಹಿಡಿದು ಪಳಗಿದ ಕೈ ಇದನ್ನು ಬೇಗ ಹಿಡಿದುಕೊಳ್ಳುತ್ತದೆ. ತಲೆ ನಿಂತ, ಕೂರಲು ಬರುವ ಮಗುವಿಗೆ ಒಳಲೆಯಿಂದ ಚಿಕ್ಕ ಲೋಟಕ್ಕೆ ದಾಟಿಸಿ. ಒಳಲೆಯಲ್ಲಿ ಹಾಲಿನ ವೇಗ ದೊಡ್ಡವರ ಕೈಯಲ್ಲಿರುತ್ತದೆ, ಲೋಟದಲ್ಲಿ ಅದು ಮಗುವಿನ ತುಟಿಗೆ ಸಿಗುತ್ತದೆ.

ಒಳಲೆ ಯಾವ ಲೋಹದ್ದು ಎಂದು ನೀವು ಬರೆದಿಲ್ಲ. ಬೆಳ್ಳಿ, ಸ್ಟೀಲ್ ಆದರೆ ಸರಿ. ಹಿತ್ತಾಳೆಯದಾದರೆ ಬೇಡ, ಮಗುವಿನ ಹಾಲನ್ನು ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸುವುದು, ತುಂಬಿಡುವುದು ಖಂಡಿತ ಬೇಡ. ಕಲಾಯಿ ಇಲ್ಲದ ಪಾತ್ರೆಯಿಂದ ತಾಮ್ರ ಹಾಲಿಗೆ ಇಳಿಯುತ್ತದೆ. ಹಿಂದೆ ನಮ್ಮ ದೇಶದ ಎಳೆಯ ಮಕ್ಕಳಲ್ಲಿ ಕಾಣುತ್ತಿದ್ದ ಮಾರಕ ಯಕೃತ್ತಿನ ಕಾಯಿಲೆಯೊಂದಕ್ಕೂ ಈ ಪಾತ್ರೆಗಳಿಗೂ ಇರುವ ನಂಟನ್ನು 1980ರ ದಶಕದಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅಡುಗೆಮನೆಗೆ ಸ್ಟೀಲ್ ಬಂದ ಮೇಲೆ ಆ ಕಾಯಿಲೆ ವಿರಳವಾಗಿದೆ. ಒಳಲೆಯ ಮೂತಿಯ ಸಂದಿಯಲ್ಲಿ ಹಾಲಿನ ಕೆನೆ ಒಣಗಿ ಅಂಟಿಕೊಳ್ಳುತ್ತದೆ, ಪ್ರತಿ ಸಲ ಸೋಪುನೀರಿನಲ್ಲಿ ಉಜ್ಜಿ, ಕುದಿಯುವ ನೀರಿನಲ್ಲಿ ಮುಳುಗಿಸಿ ತೆಗೆಯಿರಿ.

ಪ್ರಶ್ನೆ: ಹೆರಿಗೆ ರಜೆ ಮುಗಿಯುತ್ತಿದೆ. ಮಗನಿಗೆ ಆರು ತಿಂಗಳು ತುಂಬುತ್ತದೆ. ಬಾಟಲಿಯನ್ನು ಬಾಯಿಗೇ ಮುಟ್ಟಿಸುವುದಿಲ್ಲ. ಎಂಟು ಗಂಟೆ ನಾನಿಲ್ಲದಿದ್ದರೆ ಹೇಗೆ? (ಸಿದ್ದಾಪುರ)

ಉತ್ತರ: ಬಾಟಲಿ ಬೇಡವೆಂದದ್ದು ಅನುಕೂಲವೇ ಆಯಿತು, ನಾಳೆ ಬಿಡಿಸುವ ಕಷ್ಟ ತಪ್ಪಿತು. ಹಿಂಡಿದ ಎದೆಹಾಲನ್ನು ನೇರವಾಗಿ ಲೋಟದಲ್ಲೇ ಕೊಡಿಸಿ. ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ಅಭ್ಯಾಸ ಶುರುವಾಗಲಿ. ಕುಡಿಸುವವರು ಮಗುವನ್ನು ನೋಡಿಕೊಳ್ಳುವವರೇ ಆಗಿರಬೇಕು, ನೀವಲ್ಲ. ನೀವು ಎದುರಿಗಿದ್ದರೆ ಮಗು ಎದೆಯನ್ನೇ ಹುಡುಕುತ್ತದೆ, ಆ ಹೊತ್ತಿಗೆ ಬೇರೆ ಕೋಣೆಗೆ ಹೋಗಿ.

ಹಾಲಿನ ಲೆಕ್ಕ ಹೀಗೆ: ನೀವಿಲ್ಲದ ಪ್ರತಿ ಗಂಟೆಗೆ 30–45 ಮಿ.ಲೀ. ಅಂದರೆ ಎಂಟು ಗಂಟೆಗೆ 240ರಿಂದ 360 ಮಿ.ಲೀ., ಮೂರು ಸಲಕ್ಕೆ ಹಂಚಿ. ನಡುವೆ ಒಂದೆರಡು ಸಲ ಮೆತ್ತನೆಯ ಊಟ. ಒಂದೇ ಡಬ್ಬಿಯಲ್ಲಿ ಎಲ್ಲ ತುಂಬಿಡದೆ 60–90 ಮಿ.ಲೀ.ಯ ಚಿಕ್ಕ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಇಡಿ. ಕುಡಿದು ಉಳಿದದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಚಿಕ್ಕ ಡಬ್ಬಿಯಾದರೆ ಕಷ್ಟಪಟ್ಟು ಹಿಂಡಿದ ಹಾಲು ವ್ಯರ್ಥವಾಗುವುದು ಕಡಿಮೆ.

ಆಗತಾನೇ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ತಂಪು ಕೋಣೆಯಲ್ಲಿ 4 ಗಂಟೆ, ಫ್ರಿಡ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ. ಬಾಗಿಲ ಅರೆಯಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬಿಸಿಗಾಳಿ ತಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಫ್ರಿಡ್ಜನ್ನು ತೆರೆಯದೇ ಬಿಟ್ಟಲ್ಲಿ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ. ಅದಕ್ಕೂ ಹೆಚ್ಚು ಹೊತ್ತಾದರೆ ಆ ಹಾಲನ್ನು ನೆಚ್ಚಬೇಡಿ. ಬಿಸಿ ಮಾಡಲು ಒಲೆಯ ಮೇಲೆ ಇಡಬಾರದು. ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ, ಮೇಲೆ ಕಟ್ಟಿದ ಕೆನೆ ಬೆರೆಯುವಂತೆ ಮೆಲ್ಲಗೆ ತಿರುಗಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ.

ಮೊದಲ ದಿನಗಳಲ್ಲಿ ಮಗು ಹಗಲು ಕಡಿಮೆ ಕುಡಿದು ನೀವು ಬಂದ ಮೇಲೆ ರಾತ್ರಿಯೆಲ್ಲ ಎದೆ ಕೇಳಬಹುದು. ಆರೆಂಟು ಗಂಟೆ ಮೂತ್ರವೇ ಮಾಡದಿದ್ದರೆ, ಬಾಯಿ ಒಣಗಿದ್ದರೆ, ಮಂಕಾಗಿದ್ದರೆ ವೈದ್ಯರಿಗೆ ತೋರಿಸಿ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಹಾಕಿಸಿ, ತಾಯಿ ಕಾರ್ಡಿನ ಗೆರೆ ಮೇಲೇರುತ್ತಿದೆಯೇ ನೋಡುತ್ತಿರಿ.

ಪ್ರಶ್ನೆ: ನಮ್ಮದು ತೋಟದ ಮೇಲಿನ ಒರತೆಯಿಂದ ಪೈಪಿನಲ್ಲಿ ಬರುವ ನೀರು. ಮಗುವಿಗೆ ಎಷ್ಟು ಕುದಿಸಬೇಕು, ಎಷ್ಟು ಕುಡಿಸಬೇಕು? (ನಾಪೋಕ್ಲು)

ಉತ್ತರ: ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ, ಬೇಸಿಗೆಯಲ್ಲೂ ನೀರು ಬೇಡ. ಆರರಿಂದ ಹನ್ನೆರಡು ತಿಂಗಳವರೆಗೆ ದಿನಕ್ಕೆ ಒಟ್ಟು 120–240 ಮಿ.ಲೀ. ಸಾಕು, ಶುರುವಿನ ವಾರಗಳಲ್ಲಿ ಅಷ್ಟೂ ಬೇಕಾಗುವುದಿಲ್ಲ. ನೀರಿನಿಂದ ಪುಟ್ಟ ಹೊಟ್ಟೆ ತುಂಬಿದರೆ ಹಾಲಿಗೂ ಊಟಕ್ಕೂ ಜಾಗವಿರುವುದಿಲ್ಲ, ಆದ್ದರಿಂದ ಊಟದ ಮೊದಲು ಬೇಡ, ಊಟದ ಜೊತೆಗೆ ಕೊಡಿ.

ಒರತೆಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೇಲೆ ದನ, ಕಾಡುಪ್ರಾಣಿಗಳು ಓಡಾಡುವ ಜಾಗ, ಕುದಿಸಲೇಬೇಕು. ದೊಡ್ಡ ಗುಳ್ಳೆಗಳು ಕೊತಕೊತ ಏಳಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಎತ್ತರದ ಊರುಗಳಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ 2,000 ಮೀಟರಿಗಿಂತ ಮೇಲೆ ಮೂರು ನಿಮಿಷ ಕುದಿಸಬೇಕು ಎನ್ನುತ್ತಾರೆ. ಮಡಿಕೇರಿಯೇ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ನಿಮಗೆ ಆ ಲೆಕ್ಕ ಬರುವುದಿಲ್ಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಸುರಿಮಳೆಯಲ್ಲಿ ನೀರು ಕೆಂಪಾದಾಗ ಮಾತ್ರ ಮೊದಲು ರಾತ್ರಿಯಿಡೀ ತಿಳಿಯಾಗಲು ಬಿಡಿ, ಮೇಲಿನ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ಬೇರೆ ಹೂಜಿಗೆ ಬಗ್ಗಿಸುವಾಗ, ಕೈ ಅದ್ದಿ ಲೋಟ ಮುಳುಗಿಸುವಾಗ ಕೊಳೆ ಮತ್ತೆ ಸೇರುತ್ತದೆ. ಚಳಿಯಲ್ಲಿ ಉಗುರುಬೆಚ್ಚಗಿನ ನೀರನ್ನು ಮಕ್ಕಳು ಹೆಚ್ಚು ಇಷ್ಟಪಡುತ್ತಾರೆ.

ಪ್ರಶ್ನೆ: ಲೋಟ ಬಾಯಿಗಿಡಲಿ ಎಂದು ಅಂಚಿಗೆ ಜೇನು ಸವರಬಹುದೇ? ಮನೆಯದೇ ಕಾಡುಜೇನು. ಕಿತ್ತಳೆ ರಸ, ಬೆಲ್ಲದ ಕಾಫಿಯ ಒಂದು ಗುಟುಕು? (ಭಾಗಮಂಡಲ)

ಉತ್ತರ: ಒಂದು ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ಬೇಡ. ಜೇನು ಎಷ್ಟೇ ಶುದ್ಧವಾಗಿರಲಿ, ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಲ್ಲಿ ಅವು ಬೆಳೆಯುವುದಿಲ್ಲ, ಹಸುಗೂಸಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತವೆ. ಮಲಬದ್ಧತೆ, ಕ್ಷೀಣವಾದ ಅಳು, ಚೀಪುವ ಶಕ್ತಿ ಕುಗ್ಗುವುದು, ಕೈಕಾಲು ಜೋಲುವುದು ಅದರ ಲಕ್ಷಣ. ಬಿಸಿಹಾಲಿಗೆ ಬೆರೆಸಿದರೂ ಆ ಕಣಗಳು ಸಾಯುವುದಿಲ್ಲ. ಜೇನು ಹಾಕಿದ ಮದ್ದುಸೊಪ್ಪಿನ ಪಾಯಸವನ್ನೂ ಈ ವಯಸ್ಸಿಗೆ ನೆಕ್ಕಿಸಬೇಡಿ.

ಕಿತ್ತಳೆಯ ರಸ ಒಂದು ವರ್ಷದವರೆಗೆ ಬೇಡ, ಸಿಪ್ಪೆ, ಬೀಜ, ಬಿಳಿಪೊರೆ ತೆಗೆದ ತೊಳೆಯನ್ನು ಹಿಚುಕಿ ಊಟದ ಜೊತೆ ಕೊಡಿ. ಕಾಫಿ ಟೀ ಮಕ್ಕಳ ಲೋಟಕ್ಕೆ ಬರಲೇಬಾರದು, ಅವು ಊಟದಲ್ಲಿನ ಕಬ್ಬಿಣಾಂಶ ಮೈಗೆ ಹಿಡಿಯದಂತೆ ತಡೆಯುತ್ತವೆ. ಬಾಯಿಗಿಡಲು ಆಸೆ ಹುಟ್ಟಿಸಬೇಕಾದರೆ ಅಂಚಿಗೆ ಎದೆಹಾಲಿನ ಒಂದು ತೊಟ್ಟು ಸವರಿ. ಅದಕ್ಕಿಂತಲೂ ಬೇಗ ಕೆಲಸ ಮಾಡುವುದು ನೀವು ಮಗುವಿನೆದುರು ಅಂಥದೇ ಲೋಟದಲ್ಲಿ ನಿಧಾನವಾಗಿ ಕುಡಿದು ತೋರಿಸುವುದು.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ, ಬೋರಲು ಹಾಕಿದರೂ ಚೆಲ್ಲದ ಮುಚ್ಚಳದ ಕಪ್ ತರಬಹುದೇ? (ಸೋಮವಾರಪೇಟೆ)

ಉತ್ತರ: ಚೆಲ್ಲದಿರಲು ಅದರೊಳಗೆ ಒಂದು ರಬ್ಬರ್ ತಡೆ ಇರುತ್ತದೆ. ಅದನ್ನು ದಾಟಿಸಲು ಮಗು ಬಾಟಲಿಯಂತೆಯೇ ಜೋರಾಗಿ ಚೀಪಬೇಕು, ಲೋಟದ ಕಲಿಕೆ ಆಗುವುದಿಲ್ಲ. ಪಯಣಕ್ಕೆ ಬೇಕೆಂದರೆ ಆ ತಡೆಯನ್ನು ತೆಗೆದು ಬಳಸಿ, ಮನೆಯಲ್ಲಿ ತೆರೆದ ಲೋಟವೇ ಇರಲಿ. ನಮ್ಮ ಮಳೆಯ ತೇವಕ್ಕೆ ಆ ತಡೆಯ ಮಡಿಕೆಗಳಲ್ಲಿ ಕಪ್ಪು ಬೂಸ್ಟು ಕಟ್ಟುತ್ತದೆ, ಪ್ರತಿದಿನ ಬಿಚ್ಚಿ ಉಜ್ಜಿ ಒಣಗಿಸದಿದ್ದರೆ ಅದು ಮಗುವಿನ ಹೊಟ್ಟೆಗೇ.

ಸ್ಟ್ರಾ ಎಂಟೊಂಬತ್ತು ತಿಂಗಳ ಮೇಲೆ ಕಲಿಸಬಹುದು. ಸ್ಟ್ರಾವನ್ನು ನೀರಿನಲ್ಲಿ ಅದ್ದಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ಒಳಗೆ ಸ್ವಲ್ಪ ನೀರು ನಿಲ್ಲುತ್ತದೆ. ಕೆಳತುದಿಯನ್ನು ಮಗುವಿನ ತುಟಿಗಿಟ್ಟು, ತುಟಿ ಮುಚ್ಚಿದಾಗ ಬೆರಳು ಸಡಿಲಿಸಿ.

ಪ್ರಶ್ನೆ: ಹದಿಮೂರು ತಿಂಗಳ ಮಗ ದಿನಕ್ಕೆ ಐದು ಬಾಟಲಿ ದನದ ಹಾಲು ಕುಡಿಯುತ್ತಾನೆ. ಬಾಟಲಿ ಬಾಯಲ್ಲಿದ್ದರೇ ನಿದ್ದೆ. ಊಟ ಅಷ್ಟಕ್ಕಷ್ಟೇ. ಹೇಗೆ ಬಿಡಿಸಲಿ? (ಕುಶಾಲನಗರ)

ಉತ್ತರ: ಊಟ ಸೇರದಿರುವುದಕ್ಕೆ ಆ ಐದು ಬಾಟಲಿಗಳೇ ಕಾರಣವಿರಬಹುದು. ಈ ವಯಸ್ಸಿಗೆ ದಿನಕ್ಕೆ 400–500 ಮಿ.ಲೀ. ಹಾಲು ಸಾಕು. ದನದ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಿಗೆ ರಕ್ತಹೀನತೆ ಬರುತ್ತದೆ. ಉಗುರು, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಬಾಟಲಿ ಬಾಯಲ್ಲಿಟ್ಟು ಮಲಗಿದರೆ ರಾತ್ರಿಯಿಡೀ ಹಾಲು ಹಲ್ಲಿನ ಸುತ್ತ ನಿಂತು ಮೇಲಿನ ಮುಂದಿನ ಹಲ್ಲುಗಳು ಮೊದಲು ಹುಳುಕಾಗುತ್ತವೆ. ಮೇಲ್ತುಟಿ ಎತ್ತಿ ನೋಡಿ, ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭ.

ಮಧ್ಯಾಹ್ನದ ಬಾಟಲಿಯನ್ನು ಮೊದಲು ತೆಗೆಯಿರಿ, ಅದರ ಮೇಲೆ ಪ್ರೀತಿ ಕಡಿಮೆ. ಆ ಹೊತ್ತಿಗೆ ಊಟ, ಜೊತೆಗೆ ಲೋಟದಲ್ಲಿ 60 ಮಿ.ಲೀ. ಹಾಲು. ನಾಲ್ಕೈದು ದಿನ ಹಾಗೇ ನಿಲ್ಲಿ, ಆಮೇಲೆ ಸಂಜೆಯದು, ನಂತರ ಬೆಳಗಿನದು. ಮಲಗುವ ಹೊತ್ತಿನದು ಕೊನೆಗೆ. ಅದನ್ನು ಹಾಸಿಗೆಯಿಂದ ಬೇರ್ಪಡಿಸುವುದೇ ಮೊದಲ ಹೆಜ್ಜೆ: ಹಾಲನ್ನು ಅಡುಗೆಮನೆಯಲ್ಲಿ ಕೂತು ಲೋಟದಲ್ಲಿ ಕುಡಿಯಲಿ, ಹಲ್ಲು ಒರೆಸಿ, ಆಮೇಲೆ ತೊಟ್ಟಿಲ ಹಾಡೋ ಬೆನ್ನು ತಟ್ಟುವುದೋ. ರಾತ್ರಿ ಎದ್ದು ಕೇಳಿದರೆ ಲೋಟದಲ್ಲಿ ನೀರು ಮಾತ್ರ. ಮೂರು ನಾಲ್ಕು ರಾತ್ರಿ ಅಳು ಇರುತ್ತದೆ, ನಡುವೆ ಒಂದು ದಿನ ಕರಗಿ ಬಾಟಲಿ ಕೊಟ್ಟರೆ ಮತ್ತೆ ಮೊದಲಿನಿಂದ. ಜ್ವರ, ಭೇದಿ, ಮನೆಯಲ್ಲಿ ಮದುವೆ ಮುಂತಾದ ಗಲಾಟೆಯ ದಿನಗಳಲ್ಲಿ ಶುರುಮಾಡಬೇಡಿ.

ಬಿಡಿಸಿದ ಮೇಲೆ ಬಾಟಲಿಗಳನ್ನು ಮನೆಯಲ್ಲಿ ಇಡಬೇಡಿ. ಹಾಲುಣಿಸುವ ಬಾಟಲಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ, ಅದರ ಹಿಂದಿರುವುದು ಮಕ್ಕಳ ಆರೋಗ್ಯದ ಕಾಳಜಿಯೇ.

ಪ್ರಶ್ನೆ: ಒಂದು ವರ್ಷ ಎರಡು ತಿಂಗಳಾದರೂ ಲೋಟ ಕೈಗೆ ಕೊಟ್ಟರೆ ಎರಡು ಗುಟುಕು ಕುಡಿದು ಎಸೆಯುತ್ತಾಳೆ. ತಡವಾಗಿದೆಯೇ? (ಮಡಿಕೇರಿ)

ಉತ್ತರ: ಇಲ್ಲ. ವರ್ಷ ತುಂಬುವ ಹೊತ್ತಿಗೆ ನೀವು ಹಿಡಿದ ತೆರೆದ ಲೋಟದಿಂದ ಕುಡಿಯಬೇಕು. ತಾನೇ ಹಿಡಿದು, ನಡುನಡುವೆ ಚೆಲ್ಲುತ್ತ ಕುಡಿಯುವುದು ಒಂದೂವರೆ ವರ್ಷದ ಹೊತ್ತಿಗೆ. ಎಸೆಯುವುದೆಂದರೆ ಅವಳಿಗೆ ಸಾಕಾಗಿದೆ, ಕೆಳಗಿಡುವುದು ಹೇಗೆಂದು ಇನ್ನೂ ಗೊತ್ತಿಲ್ಲ ಎಂದಷ್ಟೇ ಅರ್ಥ. ಎರಡನೇ ಗುಟುಕು ನುಂಗಿದ ಕೂಡಲೇ ಅವಳ ಕೈಯ ಮೇಲೆ ನಿಮ್ಮ ಕೈಯಿಟ್ಟು ಲೋಟವನ್ನು ಮಣೆಯ ಮೇಲೆ ಇಳಿಸಿ, "ಇಲ್ಲಿಡು" ಅನ್ನಿ. ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಲೋಟದ ತಳದಷ್ಟು ಒಂದು ದುಂಡು ಬರೆದಿಟ್ಟರೆ ಅದರೊಳಗೆ ಇಡುವುದೇ ಆಟವಾಗುತ್ತದೆ. ಎಸೆದರೆ ಆ ಹೊತ್ತಿನ ಕುಡಿಯುವಿಕೆ ಮುಗಿಯಿತು, ಬೈಯದೆ ಲೋಟ ಎತ್ತಿಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೊಡಿ. ಒಂದು ಸಲಕ್ಕೆ 30 ಮಿ.ಲೀ.ಗಿಂತ ಹೆಚ್ಚು ಹಾಕಬೇಡಿ, ಒರೆಸಬೇಕಾದದ್ದೂ ಅಷ್ಟೇ ಇರುತ್ತದೆ.